ಅಡುಗೆಮನೆ ಸೇರಿದ ಅಲಂಕಾರ ಪಟ

ನಾನು ಒಂದು ಪಟ. ದೇವರ ಪಟವಾಗಿದ್ದರೆ ದಿನಕ್ಕೊಂದು ಹೂವಾದರೂ ಬೀಳುತ್ತಿತ್ತು. ಭೂಪಟವಾಗಿದ್ದರೆ ಮಕ್ಕಳು ಕೋಲು ಹಿಡಿದು ನದಿ ಯಾವುದು, ಬೆಟ್ಟ ಯಾವುದು ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನನ್ನ ಹಣೆಬರಹ ನೋಡಿ, ನಾನು ಅಲಂಕಾರಗಳ ಪಟ. ಅಲಂಕಾರ ಎಂದ ಕೂಡಲೇ ಬಳೆ, ಬೆಂಡೋಲೆಗಳ ಚಿತ್ರ ಇರಬಹುದೆಂದು ಹತ್ತಿರ ಬಂದವರು ಎಷ್ಟು ಜನ! ಓದಿ, ಮುಖ ಸಿಂಡರಿಸಿ ಹೋದವರೂ ಅಷ್ಟೇ ಜನ. ನನ್ನ ಮೈಮೇಲಿರುವುದು ಮಾತಿನ ಅಲಂಕಾರ. ಉಪಮೆ, ರೂಪಕ, ಉತ್ಪ್ರೇಕ್ಷೆ, ದೃಷ್ಟಾಂತ, ಅರ್ಥಾಂತರನ್ಯಾಸ, ಶ್ಲೇಷೆ. ಹತ್ತನೇ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಇದಕ್ಕೆಲ್ಲ ಸೇರಿ ಮೂರು ಅಂಕ. ಅಷ್ಟೇ ನನ್ನ ಯೋಗ್ಯತೆ.

ಹುಟ್ಟಿದ್ದು ಗಂಗಾವತಿಯ ಖಾಜಾಸಾಬ್ ಪೇಂಟರನ ಅಂಗಡಿಯಲ್ಲಿ. ಆತ ಲಾರಿಗಳ ಮೇಲೆ ಹೆಸರು ಬರೆಯುವವನು. ಒಂದೂವರೆ ಗಜ ಮಂಜರಪಾಟು ಬಟ್ಟೆಗೆ ಗಂಜಿ ಹಾಕಿ, ಬಿಸಿಲಿಗೆ ಒಣಗಿಸಿ, ಮೇಲೊಂದು ಕೆಳಗೊಂದು ಬಿದಿರು ಕಡ್ಡಿ ಕಟ್ಟಿ ನನಗೆ ಆಕಾರ ಕೊಟ್ಟ. ಬರೆಯಬೇಕಾದ್ದನ್ನೆಲ್ಲ ಹಾಳೆಯಲ್ಲಿ ಬರೆದು ತಂದವರು ಹಾಲದಿನ್ನಿ ಸರಕಾರಿ ಹೈಸ್ಕೂಲಿನ ಕನ್ನಡ ಮಾಸ್ತರು ಅಂದಾನಪ್ಪನವರು. ಹಾಳೆ ನೋಡಿದ ಖಾಜಾಸಾಬ್ ಹಣೆ ಚಚ್ಚಿಕೊಂಡ.

"ಸರ, ಇಷ್ಟ ಸಣ್ಣ ಅಕ್ಷರ ನಾ ಹೆಣ್ತಿಗೆ ಬರದ ಕಾಗದದಾಗೂ ಬರದಿಲ್ಲರೀ."

ಆದರೂ ಬರೆದ. ಎರಡು ದಿನ ಬಗ್ಗಿ ಕೂತು, ಕೆಂಪಿನಲ್ಲಿ ಹೆಸರು, ಕಪ್ಪಿನಲ್ಲಿ ಅರ್ಥ, ಹಸಿರಿನಲ್ಲಿ ಉದಾಹರಣೆ. ಕೊನೆಗೆ ಕೈ ತನ್ನ ರೂಢಿಯನ್ನು ಬಿಡಲಿಲ್ಲ ನೋಡಿ, ಎರಡೂ ಮೂಲೆಗೆ ಒಂದೊಂದು ಕಮಲ ಬಿಡಿಸಿ ನಡುವೆ ಹಳದಿಯಲ್ಲಿ 'ಶುಭ ಪ್ರಯಾಣ' ಎಂದು ಬರೆದುಬಿಟ್ಟ. ಅಂದಾನಪ್ಪ ಮಾಸ್ತರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಳಿಸುವುದು ಬೇಡ ಎಂದರು.

ಅವರ ಕಾಲದಲ್ಲಿ ನಾನು ಗೋಡೆಯ ಮೇಲೆ ರಾಜನಾಗಿದ್ದೆ. ಅವರು ನನ್ನನ್ನು ಓದಿಸುತ್ತಿರಲಿಲ್ಲ. ಮಕ್ಕಳಿಗೆ, "ನಿಮ್ಮ ಅಜ್ಜಿ ನಿಮ್ಮನ್ನ ಹೆಂಗ ಬೈತಾಳ, ಹಂಗ ಬರಕೊಂಡು ಬರ್ರಿ" ಎನ್ನುತ್ತಿದ್ದರು. ಮರುದಿನ ಬೈಗುಳದ ಮೂಟೆಯೇ ಬರುತ್ತಿತ್ತು. ಒಂದೊಂದನ್ನೂ ಎತ್ತಿ, ಕೋಲಿನಿಂದ ನನ್ನ ಮೈ ಮುಟ್ಟಿ ತೋರಿಸುತ್ತಿದ್ದರು. ಕೋಣ ಇದ್ದ ಹಾಗೆ ಇದ್ದೀಯ ಎಂದರೆ ಉಪಮೆ, ಹೋಲಿಕೆ ಅಷ್ಟೇ. ನೀನು ಕೋಣವೇ ಎಂದರೆ ರೂಪಕ, ಇದು ಅದೇ ಆಗಿಬಿಟ್ಟಿತು. ಇವನನ್ನು ನೋಡಿದರೆ ಕೋಣವೇ ಚಡ್ಡಿ ಹಾಕಿಕೊಂಡು ಬಂದಿದೆಯೇನೋ ಎಂದರೆ ಉತ್ಪ್ರೇಕ್ಷೆ, ಇಲ್ಲದ್ದನ್ನು ಇದೆಯೇನೋ ಎಂದು ಕಲ್ಪಿಸಿದ್ದು. (ಪೇಪರಿನವರು ಹಿಗ್ಗಿಸಿ ಹೇಳಿದ್ದಕ್ಕೆಲ್ಲ ಉತ್ಪ್ರೇಕ್ಷೆ ಎನ್ನುತ್ತಾರೆ. ಅದಕ್ಕೆ ಅತಿಶಯೋಕ್ತಿ ಎಂಬ ಬೇರೆ ಹೆಸರೇ ಇದೆ. ಯಾರಿಗೆ ಹೇಳುವುದು!) ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಎರಡು ಬೇರೆ ಮಾತುಗಳನ್ನು ಪಕ್ಕಪಕ್ಕ ಇಟ್ಟು ಒಂದರಲ್ಲಿ ಇನ್ನೊಂದರ ಬಿಂಬ ತೋರಿಸಿದರೆ ದೃಷ್ಟಾಂತ. ಮಕ್ಕಳಿಗೆ ನಗು, ಮಾಸ್ತರಿಗೆ ನಗು, ನನಗೂ ಒಳಗೊಳಗೇ ನಗು. ಎಂಟು ವರ್ಷ ಹೀಗೇ ಕಳೆಯಿತು. ಆಮೇಲೆ ಅವರು ನಿವೃತ್ತರಾದರು.

ಅವರ ಜಾಗಕ್ಕೆ ಬಂದವರು ಕಳಕೇಶ ಮಾಸ್ತರು. ಕೆಟ್ಟವರೆಂದರೆ ನನ್ನ ಬಾಯಿಗೆ ಹುಳ ಬೀಳಲಿ, ಕೆಟ್ಟವರಲ್ಲ. ಒಂದು ದಿನ ತಡವಾಗಿ ಬಂದವರಲ್ಲ, ಒಂದು ಪಾಠ ಬಿಟ್ಟವರಲ್ಲ. ಆದರೆ ಅವರಿಗೆ ಫಲಿತಾಂಶದ ಹುಚ್ಚು. ಪ್ರತಿ ವರ್ಷ ಬೇಸಿಗೆಯಲ್ಲಿ ಉತ್ತರಪತ್ರಿಕೆ ತಿದ್ದುವ ಕೇಂದ್ರಕ್ಕೆ ಹೋಗಿಬರುತ್ತಿದ್ದರು. ಅಲ್ಲಿ ಯಾವುದಕ್ಕೆ ಅಂಕ ಕೊಡುತ್ತಾರೆ, ಯಾವುದಕ್ಕೆ ಕತ್ತರಿಸುತ್ತಾರೆ ಎನ್ನುವುದು ಅವರಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ಬಂದ ವಾರವೇ ನೀಲಿ ಮಾರ್ಕರ್ ಹಿಡಿದು ನನ್ನ ಹತ್ತಿರ ನಿಂತರು. 'ಶುಭ ಪ್ರಯಾಣ'ದ ಮೇಲೆ ಸ್ವಲ್ಪ ಖಾಲಿ ಜಾಗವಿತ್ತು. ಅಲ್ಲಿ ದಪ್ಪಗೆ ಬರೆದರು:

'ಇಲ್ಲಿ ಉಪಮೇಯವಾದ ______ನ್ನು ಉಪಮಾನವಾದ ______ಕ್ಕೆ ಹೋಲಿಸಲಾಗಿರುವುದರಿಂದ ಇದು ಉಪಮಾಲಂಕಾರವಾಗಿದೆ.'

ಉಪಮೇಯ ಎಂದರೆ ಯಾವುದನ್ನು ಹೋಲಿಸುತ್ತೇವೋ ಅದು. ಉಪಮಾನ ಎಂದರೆ ಯಾವುದಕ್ಕೆ ಹೋಲಿಸುತ್ತೇವೋ ಅದು. ಗೆರೆ ಎಳೆದ ಜಾಗದಲ್ಲಿ ಒಂದೊಂದು ಪದ ತುಂಬಿದರೆ ಆಯಿತು, ಸಮನ್ವಯ ಮುಗಿಯಿತು, ಅಂಕ ಬಂತು. ಮಕ್ಕಳು ದಿನವೂ ಎದ್ದು ನಿಂತು ಆ ಸಾಲನ್ನು ಒಕ್ಕೊರಲಿನಿಂದ ಕೂಗತೊಡಗಿದರು. ಅಜ್ಜಿಯ ಬೈಗುಳ ತರಗತಿಗೆ ಬರುವುದು ನಿಂತುಹೋಯಿತು. ಅಂಕವೇನೋ ಬಂದವು, ಇಲ್ಲ ಎನ್ನಲಾರೆ. ಆದರೆ ಆ ಸಾಲು ನಾನು ಹುಟ್ಟುವಾಗ ತಂದದ್ದಲ್ಲ ಎಂದು ಯಾರಿಗಾದರೂ ಹೇಳಬೇಕು ಎನಿಸುತ್ತಿತ್ತು. ಬಾಯಿ ಎಲ್ಲಿಂದ ತರಲಿ?

ನಾಲ್ಕು ವರ್ಷದ ಮೇಲೆ ನನ್ನ ಗೋಡೆಗೆ ದೊಡ್ಡ ಟಿ.ವಿ. ಬಂತು. ನನ್ನನ್ನು ಕಳಚಿ ಸುತ್ತಿ ಬೀರುವಿನ ಹಿಂದೆ ನಿಲ್ಲಿಸಿದರು. ಇಲಿ ಬಂದು ಶ್ಲೇಷೆಯನ್ನು ಅರ್ಧ ತಿಂದಿತು. ಇನ್ನರ್ಧ ತಿನ್ನುವ ಮೊದಲು ಅಡುಗೆಮನೆಯಿಂದ ಕರೆ ಬಂತು. ಬಿಸಿಯೂಟದ ಕೋಣೆಯ ಕಿಟಕಿಗೆ ಬಾಗಿಲಿಲ್ಲ, ಗಾಳಿಗೆ ಗ್ಯಾಸ್ ಒಲೆ ಆರಿ ಆರಿ ಹೋಗುತ್ತಿದೆ, ಏನಾದರೂ ಬಟ್ಟೆ ಕೊಡಿ ಎಂದು. ಹೆಡ್ ಮಾಸ್ತರು ನನ್ನನ್ನು ಕಳಿಸಿಕೊಟ್ಟರು. ಉಪಮೆ ರೂಪಕ ಹೊತ್ತವನು ಗಾಳಿ ತಡೆಯುವ ಪರದೆಯಾದೆ. ಅದೂ ಹೇಗೆ? ಹಿರಿಯ ಅಡುಗೆಯವಳು ಮಾಬೂಬಿ ನನ್ನನ್ನು ತಲೆಕೆಳಗು ಮಾಡಿ ಮೊಳೆಗೆ ಸಿಕ್ಕಿಸಿದಳು. ಒಂದು ವಾರ ಪೂರ್ತಿ ತಲೆಕೆಳಗಾಗಿ ಒಗ್ಗರಣೆ ಘಾಟು ಕುಡಿದೆ.

ತಿರುಗಿಸಿ ನೇರ ಮಾಡಿದವಳು ಎರಡನೇ ಅಡುಗೆಯವಳು, ಗಾಳೆವ್ವ.

ಮೂವತ್ತನಾಲ್ಕರ ಹೆಂಗಸು. ಒಂಬತ್ತನೇ ತರಗತಿಯಲ್ಲಿದ್ದಾಗ ಮದುವೆ ಮಾಡಿ ಶಾಲೆ ಬಿಡಿಸಿದ್ದರು. ಗಂಡ ಸತ್ತು ಆರು ವರ್ಷ. ಮಗಳು ಇದೇ ಶಾಲೆಯಲ್ಲಿ ಎಂಟನೇ ತರಗತಿ. ಈ ಗಾಳೆವ್ವನ ಬಾಯಿ ಇದೆಯಲ್ಲ, ಅದನ್ನು ಕೇಳಿದ ದಿನ ನನಗೆ ಅಂದಾನಪ್ಪ ಮಾಸ್ತರೇ ಸೀರೆ ಉಟ್ಟು ಬಂದರೇನೋ ಎನಿಸಿತು. ಬೇಳೆ ಬೇಯದಿದ್ದರೆ, "ಈ ಬ್ಯಾಳಿ ನಮ್ಮತ್ತಿ ಮನಸ್ಸಿದ್ದಂಗ ಐತಿ ಮಾಬಕ್ಕ, ಎಷ್ಟು ಕುದಿಸಿದ್ರೂ ಮೆತ್ತಗಾಗವಲ್ದು" ಎನ್ನುವಳು. ಉಪಮೆ! ಹೆಡ್ ಮಾಸ್ತರು ಬೈದುಹೋದರೆ, "ಹೆಡ್ ಸರ್ ಅಂದ್ರ ಒಗ್ಗರಣಿ ಸಾಸಿವಿ. ಬಿಸಿ ತಾಕಿದ್ರ ಸಾಕು, ಸಿಡದ ಸಿಡೀತಾರ" ಎನ್ನುವಳು. ರೂಪಕ! ಗ್ಯಾಸ್ ತೀರಿ ಸೌದೆ ಒಲೆ ಹೂಡಿದ ದಿನ ಕಣ್ಣೊರೆಸಿಕೊಳ್ಳುತ್ತಾ, "ಹಿಂದಿನ ಜನ್ಮದಾಗ ನನ್ನ ಸವತಿ ಆಗಿತ್ತೇನೋ ಅನ್ನಂಗ ಹೊಗಿ ಉಗುಳಾಕತ್ತೈತಲ್ಲವ್ವ ಈ ಒಲಿ" ಎಂದಳು. ಅಯ್ಯೋ ತಾಯಿ, ಉತ್ಪ್ರೇಕ್ಷೆ, ಮೂರನೇ ಸಾಲು, ನಿನ್ನ ಬೆನ್ನ ಹಿಂದೆಯೇ ಇದ್ದೇನೆ, ತಿರುಗಿ ನೋಡು ಎಂದು ಕೂಗಿಕೊಳ್ಳಬೇಕು ಎನಿಸಿತು. ಅವಳು ತಿರುಗಿ ನೋಡಲಿಲ್ಲ. ನನಗೆ ಕೈ ಒರೆಸಿಕೊಂಡಳು. ಆ ಅರಿಸಿನದ ಕಲೆ ದೃಷ್ಟಾಂತದ ಮೇಲೆ ಇನ್ನೂ ಇದೆ.

ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದರು. ಇಷ್ಟು ಮಕ್ಕಳಿಗೆ ಇಷ್ಟೇ ಅಡುಗೆಯವರು ಎಂಬ ಲೆಕ್ಕವಿದೆಯಂತೆ. ಬರುವ ವರ್ಷ ಇಬ್ಬರಲ್ಲಿ ಒಬ್ಬರು ಹೋಗಬೇಕು, ಹೊಸಬಳಾದ ಗಾಳೆವ್ವನೇ ಹೋಗಬೇಕು ಎಂದು ಹೆಡ್ ಮಾಸ್ತರು ಮೊದಲೇ ಹೇಳಿಬಿಟ್ಟರು. ಅದೇ ಹೊತ್ತಿಗೆ ತಾಲೂಕಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅಡುಗೆಯವರು ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ಕಾಯಂ ಕೆಲಸ, ಮಗಳನ್ನೂ ಅಲ್ಲೇ ಓದಿಸಬಹುದು. ಆದರೆ ಹತ್ತನೇ ತರಗತಿ ಪಾಸಾಗಿರಬೇಕು. ಗಾಳೆವ್ವ ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು. ಗಣಿತ ಹೇಳಿಕೊಡಲು, ಲೆಕ್ಕದಲ್ಲಿ ತನ್ನ ತರಗತಿಗಿಂತ ಮುಂದಿದ್ದ ಮಗಳಿದ್ದಳು. ವಿಜ್ಞಾನ, ಸಮಾಜ ಓದಿಕೊಂಡಳು. ಕನ್ನಡಕ್ಕೆ ಯಾರೂ ಬೇಡ ಎಂದುಕೊಂಡಳು. ಹುಟ್ಟಿದಾಗಿನಿಂದ ಆಡುವ ಮಾತಿಗೆ ಟ್ಯೂಷನ್ ಯಾರು ಹೋಗುತ್ತಾರೆ?

ಅಲ್ಲೇ ಎಡವಿದಳು ನೋಡಿ. ಗಣಿತದಲ್ಲಿ ಪಾಸು, ವಿಜ್ಞಾನದಲ್ಲಿ ಪಾಸು, ಇಂಗ್ಲಿಷಿನಲ್ಲಿ ಕೂಡ ಪಾಸು. ಕನ್ನಡದಲ್ಲಿ ಫೇಲು. ಮೂರೇ ಮೂರು ಅಂಕಕ್ಕೆ!

ಸುದ್ದಿ ತಿಳಿದು ಮಾಬೂಬಿ ಸೌಟು ಕೆಳಗಿಟ್ಟಳು. "ಕನ್ನಡದಾಗ? ನೀ? ನಿನ್ನ ಬಾಯಿಗೆ ಹೆದರಿ ಊರ ನಾಯಿ ಸೈತ ಹಾದಿ ಬಿಡ್ತಾವಲ್ಲೇ!"

ಗಾಳೆವ್ವ ಅಳಲಿಲ್ಲ. ಉತ್ತರಪತ್ರಿಕೆಯ ಜೆರಾಕ್ಸ್ ತರಿಸಿದಳು. ಜೂನ್ ಮೊದಲ ವಾರ, ಮಕ್ಕಳ ಊಟವಾದ ಮೇಲೆ ಕಳಕೇಶ ಮಾಸ್ತರನ್ನು ಅಡುಗೆಮನೆಗೆ ಕರೆದಳು. ಅವರು ಅಕ್ಕಿ ಚೀಲದ ಮೇಲೆ ಕೂತು, ಕನ್ನಡಕ ಏರಿಸಿ, ಹಾಳೆ ತಿರುವಿದರು. ಅಲಂಕಾರದ ಪ್ರಶ್ನೆಯ ಹತ್ತಿರ ನಿಂತರು. 'ಸುದ್ದಿ ಕೇಳಿದ ತಾಯಿಯ ಕಣ್ಣುಗಳು ನೈದಿಲೆಯಂತೆ ಅರಳಿದವು' ಎಂದು ಕೊಟ್ಟು, ಯಾವ ಅಲಂಕಾರ, ಸಮನ್ವಯ ಮಾಡಿ ಎಂದು ಕೇಳಿದ್ದರು. ಗಾಳೆವ್ವ ಬರೆದದ್ದನ್ನು ಮಾಸ್ತರು ಗಟ್ಟಿಯಾಗಿ ಓದಿದರು:

"'ಇದು ಉಪಮಾ. ಕಣ್ಣಿಗೆ ಹೂವ ಹೋಲಿಸ್ಯಾರ. ಆದರ ಹೋಲಿಕಿ ಸರಿ ಬಂದಿಲ್ಲ. ಹೂವ ನಿಧಾನಕ ಅರಳತೈತಿ. ಖುಷಿಯಾದ ತಾಯಿ ಕಣ್ಣು ಕಾದ ಎಣ್ಣ್ಯಾಗ ಪೂರಿ ಉಬ್ಬಿದಂಗ ಒಮ್ಮಿಗಿಲೆ ಅರಳತಾವ. ಯಾರರ ನೋಡಿದರ ಅಷ್ಟ ಲಗೂನ ಇಳೀತಾವ.'"

ಅದರ ಮೇಲೆ ಅಡ್ಡಡ್ಡ ಕೆಂಪು ಗೆರೆ. ಪಕ್ಕದಲ್ಲಿ ಸೊನ್ನೆ.

ನಾನು ಕಿಟಕಿಯಲ್ಲಿ ನಡುಗಿದೆ. ಗಾಳಿಗೆ ಎಂದುಕೊಂಡರೇನೋ, ಸಿಟ್ಟಿಗೆ! ಅಲಂಕಾರದ ಹೆಸರು ಸರಿ ಇದೆ. ಏನನ್ನು ಏನಕ್ಕೆ ಹೋಲಿಸಿದ್ದಾರೆ ಎಂದೂ ಹೇಳಿದ್ದಾಳೆ. ಆ ಹೋಲಿಕೆ ಎಲ್ಲಿ ಸೋತಿತು ಎಂದು ತೋರಿಸಿ, ಅದಕ್ಕಿಂತ ಒಳ್ಳೆಯದನ್ನು ಕಟ್ಟಿಕೊಟ್ಟಿದ್ದಾಳೆ. ಇನ್ನೇನು ಬೇಕು ನಿಮಗೆ? ಇಷ್ಟು ಬರೆದವಳಿಗೆ ಸೊನ್ನೆ ಹಾಕಿದ ಕೈಗೆ ಏನು ಹೇಳುವುದು? ಕಳಕೇಶ ಮಾಸ್ತರಾದರೂ ಒಂದು ಮಾತು ಆಡುತ್ತಾರೆ ಎಂದು ಕಾದೆ.

"ಸೊನ್ನಿ ಸರಿಯಾಗೇ ಐತಿ" ಎಂದರು ಅವರು. "ಉಪಮೇಯ ಅಂತ ಬರದಿಲ್ಲ, ಉಪಮಾನ ಅಂತ ಬರದಿಲ್ಲ, ಸಮನ್ವಯದ ವಾಕ್ಯ ಇಲ್ಲ. ನಾ ಕುಂತಿದ್ರೂ ಹಿಂಗ ಕತ್ತರಿಸ್ತಿದ್ದೆ. ಗಾಳೆವ್ವ, ಅಲ್ಲಿ ಒಬ್ಬೊಬ್ಬರು ದಿನಕ್ಕ ಎಷ್ಟು ಪೇಪರ್ ತಿದ್ದಬೇಕು ಗೊತ್ತೈತೇನು? ನಿನ್ನ ಪೂರಿ ಓದಾಕ ಯಾರಿಗೆ ಹೊತ್ತೈತಿ?"

"ಹಂಗಾದ್ರ ನಾ ಬರದದ್ದು ತಪ್ಪೇನ್ರಿ ಸರ?"

"ತಪ್ಪಂತ ಅಲ್ಲ. ಅಂಕ ಬರಂಗಿಲ್ಲ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ಪೂರಕ ಪರೀಕ್ಷೆಗೆ ಮೂರು ವಾರ ಐತ್ರಿ. ಹಾಸ್ಟೆಲಿನ ಅರ್ಜಿಗೆ ಅದರ ಫಲಿತಾಂಶನ ಕಡೀದು. ಅಂಕ ಹೆಂಗ ಬರ್ತಾವ ಅದನ್ನ ಹೇಳಿಕೊಡ್ರಿ" ಎಂದಳು.

ಮಾಸ್ತರು ಎದ್ದು ಬಂದು ನನ್ನ ಮೈಮೇಲಿನ ಮಸಿಯನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿದರು. ತಾವು ಬರೆದ ನೀಲಿ ಸಾಲನ್ನು ಬೆರಳಿನಿಂದ ತೋರಿಸಿದರು. "ಕಣ್ಣ ಮುಂದ ಐತಿ ನೋಡು. ಇದನ್ನ ಬಾಯಿಪಾಠ ಮಾಡು. ಒಂದಕ್ಷರ ಆಚೀಚಿ ಆಗಬಾರದು."

ಎಷ್ಟೋ ವರ್ಷಗಳ ಮೇಲೆ ನನ್ನನ್ನು ಒಬ್ಬರು ಕಣ್ಣೆತ್ತಿ ಓದತೊಡಗಿದರು. ಸಂತೋಷ ಪಡಬೇಕಿತ್ತು. ಪಟ್ಟೆ ಕೂಡ, ಸುಳ್ಳು ಯಾಕೆ ಹೇಳಲಿ? ಗಾಳೆವ್ವ ಪಾಸಾಗಬೇಕು, ನನ್ನಿಂದಲೇ ಆಗಬೇಕು ಎಂದು ಬಯಸಿದೆ. ಅಕ್ಕಿ ಆರಿಸುವಾಗ ನನ್ನ ಕಡೆ ನೋಡಿ, "ಇಲ್ಲಿ ಉಪಮೇಯವಾದ..." ಬದನೆ ಹೆಚ್ಚುವಾಗ, "ಉಪಮಾನವಾದ..." ಪಾತ್ರೆ ತಿಕ್ಕುವಾಗ, "ಹೋಲಿಸಲಾಗಿರುವುದರಿಂದ..." ಮೊದಮೊದಲು ನಾಲಿಗೆ ತಿರುಗಲಿಲ್ಲ. 'ಹೋಲಿಸಲಾಗಿರುವುದರಿಂದ' ಎನ್ನುವಾಗ ಪ್ರತಿ ಸಲವೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದಳು.

ಕಳಕೇಶ ಮಾಸ್ತರು ದಿನವೂ ಊಟದ ಬಿಡುವಿನ ಮೇಲೆ ಬಂದು ಅರ್ಧ ಗಂಟೆ ಕೂರುತ್ತಿದ್ದರು. ಅವರಿಗೆ ಅದು ಕೆಲಸವಲ್ಲ, ಯಾರೂ ಹೇಳಿರಲೂ ಇಲ್ಲ. ತಾವಾಗಿ ಬರುತ್ತಿದ್ದರು. ಒಂದು ವಾಕ್ಯ ಕೊಟ್ಟು, ಬರೆ ಎನ್ನುತ್ತಿದ್ದರು. ಅವಳು ಬರೆಯುತ್ತಾ ಬರೆಯುತ್ತಾ ನಿಂತು, "ಸರ, ಮಾರಿಗೆ ಚಂದ್ರ ಯಾಕ್ರೀ? ಚಂದ್ರಗ ಕಣ್ಣಿಲ್ಲ, ಬಾಯಿಲ್ಲ. ಈಗಷ್ಟ ತಟ್ಟಿದ ರೊಟ್ಟಿ..." ಎಂದು ಶುರುಮಾಡಿದರೆ ಅವರು ಎರಡೂ ಕೈ ಎತ್ತುತ್ತಿದ್ದರು.

"ರೊಟ್ಟಿ ಬ್ಯಾಡ! ಪೂರಿನೂ ಬ್ಯಾಡ! ಮೂರು ವಾರ ನಿನ್ನ ತಲ್ಯಾಗಿಂದ ಅಡಿಗಿಮನಿ ತಗಿ, ತಾಯಿ. ಪಾಸಾಗು, ಆಮ್ಯಾಲೆ ಏನಾರ ಅನ್ನು."

ಅವಳು ತಲೆಯಾಡಿಸಿ ಮತ್ತೆ ಬರೆದಳು. ಒಂದು ವಾರವಾಯಿತು, ಎರಡು ವಾರವಾಯಿತು. ಒಂದು ದಿನ ಮಾಬೂಬಿ ಬೇಳೆ ತಿರುವುತ್ತಾ, "ಇವತ್ತ ಬ್ಯಾಳಿ ಹೆಂಗೈತೆ ಗಾಳೆವ್ವ?" ಎಂದು ಕೇಳಿದಳು. ಏನೋ ಒಂದು ಬರುತ್ತದೆ, ನಗೋಣ ಎಂದು ತುಟಿ ಬಿಚ್ಚಿಕೊಂಡೇ ಕೇಳಿದಳು.

"ಬೆಂದಿಲ್ಲ" ಎಂದಳು ಗಾಳೆವ್ವ.

"ಅಷ್ಟನಾ?"

"ಇನ್ನೇನ ಅನಬೇಕು? ಬೆಂದಿಲ್ಲ."

ಮಾಬೂಬಿ ಅವಳ ಮುಖವನ್ನೇ ನೋಡಿದಳು. "ಯವ್ವಾ, ಜ್ವರ ಬಂದಾವೇನ ನಿನಗ?" ಎಂದು ಹಣೆ ಮುಟ್ಟಿದಳು. ಜ್ವರ ಇರಲಿಲ್ಲ. ಆ ದಿನ ಹೆಡ್ ಮಾಸ್ತರು ಬಂದು ಉಪ್ಪು ಜಾಸ್ತಿ ಎಂದು ಕೂಗಾಡಿ ಹೋದರು. ಗಾಳೆವ್ವ ತಲೆ ತಗ್ಗಿಸಿಕೊಂಡು ನೀರು ಬೆರೆಸಿದಳು. ಸಾಸಿವೆಯೂ ಇಲ್ಲ, ಸಿಡಿಯುವುದೂ ಇಲ್ಲ. ಅಡುಗೆಮನೆಯಲ್ಲಿ ಬರೀ ಪಾತ್ರೆಯ ಸದ್ದು. ಪರೀಕ್ಷೆ ಮುಗಿಯಲಿ, ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಪರೀಕ್ಷೆ ಮುಗಿಯಿತು. ಜುಲೈ ತಿಂಗಳಲ್ಲಿ ಫಲಿತಾಂಶ ಬಂತು. ಗಾಳೆವ್ವ ಪಾಸು! ಕಳಕೇಶ ಮಾಸ್ತರು ಮೊಬೈಲ್ ಹಿಡಿದುಕೊಂಡು ಬಯಲಿನ ಆ ತುದಿಯಿಂದ ಓಡಿ ಬಂದರು. ಅವರು ಓಡಿದ್ದನ್ನು ಆ ಶಾಲೆ ಅವತ್ತೇ ಮೊದಲು ನೋಡಿದ್ದು. "ಬೇಕಾದ್ದಕ್ಕಿಂತ ಹನ್ನೊಂದು ಜಾಸ್ತಿ!" ಎಂದು ಕೂಗಿದರು. ಮಾಬೂಬಿ ಅವಳ ಬಾಯಿಗೆ ಹಿಡಿ ಸಕ್ಕರೆ ಸುರಿದಳು. ಮಗಳು ಅವ್ವನ ಸೊಂಟ ತಬ್ಬಿಕೊಂಡು ಕುಣಿದಳು. ಗಾಳೆವ್ವ ನಕ್ಕಳು, ಕಣ್ಣೊರೆಸಿಕೊಂಡಳು, "ಭಾಳ ಖುಷಿ ಆತ್ರಿ" ಎಂದಳು. ಮತ್ತೇನೂ ಅನ್ನಲಿಲ್ಲ. ನಾನು ಕಾದೇ ಕಾದೆ.

ಹಾಸ್ಟೆಲಿನ ಆದೇಶ ಗಣೇಶ ಚೌತಿಯ ಮುಂಚೆ ಬಂತು. ಹೊರಡುವ ದಿನ ಅವಳು ಅಡುಗೆಮನೆಯ ಬೀಗದ ಕೈ ಒಪ್ಪಿಸಲು ಬಂದಳು. ಟ್ರಂಕು, ಮಗಳು ಇಬ್ಬರೂ ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದರು. ಮಕ್ಕಳು ತಟ್ಟೆ ಹಿಡಿದು ಊಟದ ಸಾಲಿನಲ್ಲಿ ನಿಂತಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಕಳಕೇಶ ಮಾಸ್ತರು ಬಂದು, ನನ್ನನ್ನು ಮೊಳೆಯಿಂದ ಬಿಡಿಸಿ, ಧೂಳು ಕೊಡವಿ, ನೀಟಾಗಿ ಸುತ್ತಿ ಅವಳ ಮುಂದೆ ಹಿಡಿದರು.

"ತಗೋ ಗಾಳೆವ್ವ. ನಿನಗ ದಾರಿ ಮಾಡಿಕೊಟ್ಟ ಪಟ. ನಿನ್ನ ಹಾಸ್ಟೆಲಿನ ಹುಡಿಗ್ಯಾರಿಗೂ ಉಪಯೋಗಕ್ಕ ಬರತೈತಿ."

ನನ್ನ ಎದೆ ಉಬ್ಬಿತು. ಇಷ್ಟು ವರ್ಷ ಬದುಕಿದ್ದಕ್ಕೆ ಸಾರ್ಥಕ ಎಂದುಕೊಂಡೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಬ್ಯಾಡ್ರಿ ಸರ. ತಪ್ಪು ತಿಳೀಬ್ಯಾಡ್ರಿ. ಅದರ ಮಾರಿ ನೋಡಿದ್ರ ನನಗ ಬಾಯಿ ಕಟ್ಟತೈತ್ರಿ."

ನನ್ನನ್ನು ಒಗೆದು ಹಿಂಡಿದವರಿದ್ದಾರೆ, ಇಲಿ ಕಚ್ಚಿದೆ, ಎಣ್ಣೆ ಚೆಲ್ಲಿದೆ. ಯಾವುದೂ ಇಷ್ಟು ನೋಯಿಸಿರಲಿಲ್ಲ. ಆ ನೀಲಿ ಸಾಲು ನನ್ನದಲ್ಲ, ತಾಯಿ! ಉಳಿದದ್ದೆಲ್ಲ ನಿನ್ನಂಥವರ ಬಾಯಿಂದಲೇ ಹುಟ್ಟಿದ್ದು, ಓದಿ ನೋಡು! ಯಾರಿಗೆ ಕೇಳಬೇಕು?

ಮಾಸ್ತರು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಮೆತ್ತಗೆ, "ನಿನ್ನ ಜೆರಾಕ್ಸ್ ನನ್ನ ಕಡೆ ಉಳದೈತಿ. ಮೊನ್ನೆ ಹತ್ತನೇತ್ತಿ ಹುಡುಗರಿಗೆ ಓದಿ ತೋರಿಸಿದೆ. ಎಷ್ಟ ನಕ್ಕರು ಅಂತಿ! ನಾ ಬಂದಾಗಿಂದ ನನ್ನ ಕ್ಲಾಸಿನ್ಯಾಗ ಅಷ್ಟು ನಕ್ಕಿದ್ದಿಲ್ಲ ಅವು" ಎಂದರು. ಒಲೆಯ ಕಡೆ ಕೈ ತೋರಿಸಿದರು. "ಹೋಗೂಮುಂದ ಒಂದು ಹೇಳಿ ಹೋಗು. ಈ ಸಾರಿನ ಮ್ಯಾಲ. ನೋಟಬುಕ್ಕಿನ್ಯಾಗ ಬರಕೋತೀನಿ."

ಪೆನ್ನು ತೆಗೆದೂ ಬಿಟ್ಟರು. ಗಾಳೆವ್ವ ಕುದಿಯುವ ಸಾರಿನ ಕಡೆ ನೋಡಿದಳು. ಕಣ್ಣಲ್ಲಿ ಹಳೆಯ ತುಂಟತನ ಒಂದು ಕ್ಷಣ ಬಂತು. ಬಾಯಿ ತೆರೆದಳು.

"ಇಲ್ಲಿ ಉಪಮೇಯವಾದ ಸಾರನ್ನು..."

ಅಷ್ಟಕ್ಕೇ ನಿಂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಬೂಬಿ ಕಿಸಕ್ಕನೆ ನಕ್ಕವಳು ಅವಳ ಕಣ್ಣು ನೋಡಿ ಸಾರು ತಿರುವತೊಡಗಿದಳು. ಮಾಸ್ತರು ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸೇರಿಸಿದರು. "ಇರಲಿ, ಇರಲಿ. ಬಸ್ಸಿಗೆ ಹೊತ್ತಾತು" ಎಂದರು. ಗಾಳೆವ್ವ ಇಬ್ಬರಿಗೂ ಕೈ ಮುಗಿದು ಹೊರಟಳು, ಮಾಬೂಬಿ ಅಂಗಳದವರೆಗೆ ಜೊತೆಗೆ ಹೋದಳು. ಮಾಸ್ತರು ನನ್ನನ್ನು ಬೇಳೆ ಚೀಲದ ಮೇಲೆ ಹಾಕಿ ಅವಳ ಹಿಂದೆ ಬಾಗಿಲವರೆಗೆ ಹೋಗಿ ನಿಂತರು. ನಾನು ಸುತ್ತಿದ ಹಾಗೇ, ಮುಖ ಒಳಗೆ ಮಾಡಿಕೊಂಡು ಬಿದ್ದಿದ್ದೆ.

ಬಸ್ಸಿನ ಸದ್ದು ಕೇಳಿತು. ಬಂತು, ನಿಂತಿತು, ಅವಳು ಟ್ರಂಕು ಎತ್ತುವ ಮೊದಲೇ ಮತ್ತೆ ಹೊರಟಿರಬೇಕು. ಮಗಳು ಚೀರಿದಳು. ಆಗ ಗಾಳೆವ್ವನ ದನಿ ಕೇಳಿಸಿತು. ಡ್ರೈವರನಿಗೆ ಏನೋ ಕೂಗಿದಳು. ಉದ್ದನೆಯ ಮಾತು, ಒಂದೇ ಉಸಿರಿನದು. ಸರಿಯಾಗಿ ಅದೇ ಹೊತ್ತಿಗೆ ಕುಕ್ಕರ್ ಸೀಟಿ ಹೊಡೆಯಬೇಕೇ! ಸೀಟಿ ನಿಲ್ಲುವಷ್ಟರಲ್ಲಿ ಊಟದ ಸಾಲಿನ ಮಕ್ಕಳೆಲ್ಲ ಗೊಳ್ಳೆಂದು ನಗುತ್ತಿದ್ದರು. ತಟ್ಟೆ ಬಡಿದು ಬಡಿದು ನಗುತ್ತಿದ್ದರು. ಬಸ್ಸು ನಿಂತಿತ್ತು. ಬಸ್ಸಿನೊಳಗಿನವರೂ ನಗುತ್ತಿದ್ದರು, ಡ್ರೈವರನೂ ಸೇರಿ. ಬಾಗಿಲಲ್ಲಿ ನಿಂತ ಕಳಕೇಶ ಮಾಸ್ತರು ಗೋಡೆ ಹಿಡಿದುಕೊಂಡು ನಕ್ಕರು. ಮಾಬೂಬಿ ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಬಂದು, "ಏನ ಬಾಯಿಯವ್ವಾ ಅಕಿದು, ಏನ ಬಾಯಿ!" ಎಂದು ಸೌಟು ಹಿಡಿದು ಮತ್ತೆ ನಕ್ಕಳು. ಅಂದದ್ದು ಏನೆಂದು ಮಾತ್ರ ಹೇಳಲಿಲ್ಲ. ತಾನು ಕೇಳಿದ್ದಾಯಿತು, ಇನ್ನು ಯಾರಿಗೆ ಹೇಳಬೇಕು ಎಂದುಕೊಂಡಳೋ ಏನೋ.

ಇದೆಲ್ಲ ಆಗಿ ಐದು ವರ್ಷವಾಯಿತು. ಈಗ ನನಗೆ ಕಿಟಕಿಯೂ ಇಲ್ಲ. ಅದಕ್ಕೆ ಹೊಸ ಬಾಗಿಲು ಬಂದಿದೆ. ನಾನು ಬೇಳೆ ಚೀಲದ ಮೇಲಿನ ಹೊದಿಕೆ. ಬಣ್ಣ ಉದುರಿದೆ. ಆ ನೀಲಿ ಸಾಲು ಮೊದಲು ಅಳಿಸಿಹೋಯಿತು, ಕೆಂಪು ಅಕ್ಷರ ಅಲ್ಲಲ್ಲಿ ಉಳಿದಿವೆ. ಖಾಜಾಸಾಬನ ಕೈಯ ಪೇಂಟು, ಸುಮ್ಮನೆಯೇ? ಕಳಕೇಶ ಮಾಸ್ತರಿಗೆ ಕಳೆದ ವರ್ಷ ವರ್ಗವಾಯಿತು. ಮಾಬೂಬಿ ಕಿವಿ ಮಂದವಾಗಿ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಬಂದವಳು ಮಾತೇ ಆಡುವುದಿಲ್ಲ.

ಸಿಟ್ಟು ಮಾತ್ರ ಇಳಿದಿಲ್ಲ. ಗಾಳೆವ್ವ ನನ್ನನ್ನು ಬೇಡ ಎಂದದ್ದಕ್ಕಲ್ಲ. ಅವಳು ಸರಿಯಾಗಿಯೇ ಮಾಡಿದಳು, ನನ್ನನ್ನು ಬಿಟ್ಟು ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಅವಳ ಬಾಯಿ ಬಿಚ್ಚಿತಲ್ಲ! ಸಿಟ್ಟು ಬೇರೆಯದಕ್ಕೆ. ಆ ಬಸ್ಸಿನವನಿಗೆ ಅವಳು ಅಂದದ್ದು ಉಪಮೆಯೋ, ರೂಪಕವೋ, ಉತ್ಪ್ರೇಕ್ಷೆಯೋ? ಊರಿಗೆ ಊರೇ ಕೇಳಿತು. ಆರು ಅಲಂಕಾರ ಮೈಮೇಲೆ ಹೊತ್ತ ನಾನೊಬ್ಬನೇ ಕೇಳಲಿಲ್ಲ. ಅವತ್ತು ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದವರಲ್ಲಿ ನೀವೇನಾದರೂ ಇದ್ದರೆ, ಪುಣ್ಯ ಬರುತ್ತದೆ, ಒಂದು ಸಲ ಈ ಕಡೆ ಬಂದು ಹೇಳಿ ಹೋಗಿ.